ಸ್ಪೀಕರ್ ಬಿಟ್ಟ ದನಿ, ಗೋಡೆ ಬೆರೆಸಿದ ದನಿ: ಸಂಗೀತ ಕೇಳುವ ಕೋಣೆಯನ್ನು ಹದಕ್ಕೆ ತರುವುದು ಹೇಗೆ

ಅಂಗಡಿಯಲ್ಲಿ ಕೇಳಿ ಮನಸೋತು ತಂದ ಸ್ಪೀಕರ್, ಮನೆಯಲ್ಲಿ ಹಚ್ಚಿದ ಕೂಡಲೇ ಬೇರೆಯದೇ ಪೆಟ್ಟಿಗೆಯಂತೆ ಕೇಳಿಸುವುದುಂಟು. ಹಾಡಿನ ಸಾಹಿತ್ಯ ಕಲಸಿಹೋಗುತ್ತದೆ. ಬೇಸ್ ಒಂದು ಸ್ವರದಲ್ಲಿ ಗುಂಯ್ ಎಂದು ಉಬ್ಬಿ, ಪಕ್ಕದ ಸ್ವರದಲ್ಲಿ ಕಾಣೆಯಾಗುತ್ತದೆ. ಸಿನಿಮಾದ ಮಾತು ಹಿಡಿಯಲು ವಾಲ್ಯೂಮ್ ಏರಿಸಿದರೆ ಹಿನ್ನೆಲೆಯ ಸದ್ದು ಕಿವಿಗೆ ಚುಚ್ಚುತ್ತದೆ. ಆಗ ಹೆಚ್ಚಿನವರು ಸ್ಪೀಕರನ್ನೋ ಕೇಬಲನ್ನೋ ಶಂಕಿಸುತ್ತಾರೆ. ಕೋಣೆಯನ್ನು ಶಂಕಿಸುವವರು ಕಡಿಮೆ. ಶಂಕಿಸಿದವರಲ್ಲೂ ಬಹಳಷ್ಟು ಮಂದಿ ಒಂದಿಂಚು ದಪ್ಪದ ಫೋಮ್ ಹಾಳೆಗಳನ್ನು ತಂದು ಗೋಡೆಗೆಲ್ಲ ಅಂಟಿಸಿ, ಸದ್ದು ಮಂಕಾಯಿತೇ ಹೊರತು ಸರಿಹೋಗಲಿಲ್ಲವೆಂದು ಕೈಚೆಲ್ಲುತ್ತಾರೆ.

ಕೋಣೆಯನ್ನು ಸರಿಪಡಿಸಲು ಎರಡು ಅಳತೆಗಳು ಗೊತ್ತಿರಬೇಕು. ಗೋಡೆಗೆ ಬಡಿದು ಬಂದ ಸದ್ದು ನೇರವಾಗಿ ಬಂದದ್ದಕ್ಕಿಂತ ಎಷ್ಟು ದೂರ ಹೆಚ್ಚು ನಡೆಯಿತು ಎಂಬುದೊಂದು. ಆ ಸದ್ದಿನ ಅಲೆ ಎಷ್ಟು ಉದ್ದ ಎಂಬುದಿನ್ನೊಂದು. ಎಲ್ಲಿ ಏನು ಹಾಕಬೇಕು, ಎಷ್ಟು ದಪ್ಪ ಹಾಕಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಈ ಎರಡಕ್ಕೇ ಬಂದು ನಿಲ್ಲುತ್ತವೆ.

ಪ್ರತಿಫಲನ, ಪ್ರತಿಧ್ವನಿ, ಅನುರಣನ

ಈ ಮೂರು ಪದಗಳನ್ನು ಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ. ಕೋಣೆಯ ಕೆಲಸಕ್ಕೆ ಮಾತ್ರ ಬೇರ್ಪಡಿಸಿಕೊಳ್ಳಲೇಬೇಕು.

ಸದ್ದು ಗಟ್ಟಿ ಮೈಗೆ ತಗುಲಿ ಮರಳುವುದು ಪ್ರತಿಫಲನ. ಮರಳಿದ ಸದ್ದು ತಡವಾಗಿ ಬಂದು, ಮೊದಲಿನದಕ್ಕಿಂತ ಬೇರೆಯಾಗಿ ಕೇಳಿಸಿದರೆ ಅದು ಪ್ರತಿಧ್ವನಿ. ಬೆಟ್ಟದ ಎದುರು ಕೂಗಿದಾಗ ಆಗುವುದು ಇದೇ. ಸಾವಿರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು, ಮೂಲ ಸದ್ದು ನಿಂತ ಮೇಲೂ ಬಾಲದಂತೆ ಎಳೆಯುತ್ತ ಸಾಯುವುದು ಅನುರಣನ. ಸದ್ದು 60 ಡೆಸಿಬೆಲ್‌ನಷ್ಟು ಕುಗ್ಗಲು ಹಿಡಿಯುವ ಹೊತ್ತನ್ನು ಅನುರಣನ ಕಾಲ ಎನ್ನುತ್ತಾರೆ.

ಸದ್ದು 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ., ಒಂದಡಿಗಿಂತ ತುಸು ಹೆಚ್ಚು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ. ಮನೆಯ ಕೋಣೆಯಲ್ಲಿ ಗೋಡೆಗಳು ಹತ್ತಿರ ಇರುವುದರಿಂದ ಮೊದಲ ಪ್ರತಿಫಲನಗಳು ಹದಿನೈದು ಇಪ್ಪತ್ತು ಮಿಲಿಸೆಕೆಂಡಿನೊಳಗೆ ಕಿವಿ ಸೇರಿಬಿಡುತ್ತವೆ. ಅಷ್ಟು ಬೇಗ ಬಂದದ್ದನ್ನು ಮಿದುಳು ಬೇರೆ ಸದ್ದೆಂದು ಎಣಿಸುವುದಿಲ್ಲ. ಜರ್ಮನಿಯ ಗಾಟಿಂಗೆನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ನಕಲು ಮೊದಲ ಸದ್ದಿನೊಂದಿಗೆ ಬೆಸೆದುಕೊಳ್ಳುತ್ತದೆ, ಸದ್ದು ಯಾವ ದಿಕ್ಕಿನಿಂದ ಬಂತೆಂಬ ತೀರ್ಮಾನವನ್ನು ಮೊದಲು ಬಂದದ್ದೇ ಮಾಡುತ್ತದೆ.

ಹಾಗಾದರೆ ಚಿಂತೆ ಏಕೆ? ಬೆಸೆದುಕೊಂಡ ನಕಲು ಮೂಲದ ಬಣ್ಣವನ್ನು ಬದಲಿಸುತ್ತದೆ. ಎರಡು ಅಲೆಗಳು ಒಟ್ಟಿಗೆ ಏರಿದರೆ ದನಿ ಬಲವಾಗುತ್ತದೆ. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ನಕಲು 1 ಮಿಲಿಸೆಕೆಂಡ್ ತಡವಾಗಿ ಬಂದರೆ 500, 1500, 2500 ಹರ್ಟ್ಸ್‌ಗಳಲ್ಲಿ ಕುಳಿ ಬೀಳುತ್ತದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ). ನಡುವಿನ 1000, 2000 ಹರ್ಟ್ಸ್‌ಗಳಲ್ಲಿ ದಿಬ್ಬ ಏಳುತ್ತದೆ. ನಕ್ಷೆಯಲ್ಲಿ ನೋಡಿದರೆ ಬಾಚಣಿಗೆಯ ಹಲ್ಲಿನ ಸಾಲು. ದನಿಗೆ ಡಬ್ಬಿಯೊಳಗಿಂದ ಬಂದ ಗುಣ ಬರುವುದು ಇದರಿಂದ. ಜೊತೆಗೆ ಎರಡು ಸ್ಪೀಕರ್‌ಗಳ ನಡುವೆ ಚುಕ್ಕಿಯಂತೆ ನಿಲ್ಲಬೇಕಿದ್ದ ಗಾಯಕರ ದನಿ ಅಗಲವಾಗಿ ಹರಡಿಕೊಳ್ಳುತ್ತದೆ.

ಒಂದು ಕೋಣೆಯನ್ನು ಲೆಕ್ಕ ಹಾಕಿ ನೋಡೋಣ

5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಇಟ್ಟುಕೊಳ್ಳಿ. ಅಗಲದ ಗೋಡೆಯೊಂದನ್ನು ಮುಂಗೋಡೆ ಎಂದುಕೊಂಡು, ಅದರಿಂದ 1.3 ಮೀಟರ್ ಈಚೆಗೆ ಎರಡು ಸ್ಪೀಕರ್. ಅವುಗಳ ನಡುವೆ 2 ಮೀಟರ್, ಪ್ರತಿಯೊಂದಕ್ಕೂ ಪಕ್ಕದ ಗೋಡೆ 1 ಮೀಟರ್. ಕೇಳುವವರು ಎರಡರಿಂದಲೂ 2 ಮೀಟರ್ ದೂರದಲ್ಲಿ, ಅಂದರೆ ಮೂರು ಬದಿಯೂ ಸಮನಾದ ತ್ರಿಕೋನದ ತುದಿಯಲ್ಲಿ ಕುಳಿತಿದ್ದಾರೆ. ಕಿವಿಯೂ, ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ಹೊರಡಿಸುವ ಪುಟ್ಟ ಭಾಗವಾದ ಟ್ವೀಟರ್‌ ಕೂಡ ನೆಲದಿಂದ 1.1 ಮೀಟರ್ ಎತ್ತರ.

ನೇರ ಸದ್ದು 2 ಮೀಟರ್ ನಡೆಯುತ್ತದೆ. ಹತ್ತಿರದ ಪಕ್ಕದ ಗೋಡೆಗೆ ಬಡಿದದ್ದು ನಡೆಯುವುದು 3.46 ಮೀಟರ್. 1.46 ಮೀಟರ್ ಹೆಚ್ಚು, 4.3 ಮಿಲಿಸೆಕೆಂಡ್ ತಡ. ದೂರ ಹೆಚ್ಚಾದ್ದರಿಂದ ಬಲ ಕುಗ್ಗಿದ್ದು ಬರೀ 4.8 ಡೆಸಿಬೆಲ್. ನೆಲದಿಂದ ಬಂದದ್ದು ಇನ್ನೂ ಬೇಗ: 2.8 ಮಿಲಿಸೆಕೆಂಡ್ ತಡ, 3.4 ಡೆಸಿಬೆಲ್ ಕಡಿಮೆ. ಚಾವಣಿಯದು 6.7 ಮಿಲಿಸೆಕೆಂಡ್, 6.6 ಡೆಸಿಬೆಲ್. ಆಚೆ ಬದಿಯ ಗೋಡೆಯದು 9.6 ಮಿಲಿಸೆಕೆಂಡ್, 8.5 ಡೆಸಿಬೆಲ್. ಬೆನ್ನ ಹಿಂದಿನ ಗೋಡೆಯದು 11 ಮಿಲಿಸೆಕೆಂಡ್, ಸುಮಾರು 9 ಡೆಸಿಬೆಲ್.

ಸ್ಪೀಕರ್ ಎಲ್ಲ ದಿಕ್ಕಿಗೂ ಒಂದೇ ಬಲದಲ್ಲಿ ಸದ್ದು ಬಿಡುತ್ತದೆ, ಗೋಡೆ ಏನನ್ನೂ ಹೀರುವುದಿಲ್ಲ ಎಂದುಕೊಂಡು ಮಾಡಿದ ಲೆಕ್ಕ ಇದು. ನಿಜದಲ್ಲಿ ಮೇಲಿನ ಸ್ವರಗಳು ಮುಂದಕ್ಕೆ ಹೆಚ್ಚು ಚಿಮ್ಮುವುದರಿಂದ ಗೋಡೆಯ ಪಾಲು ಇನ್ನಷ್ಟು ಕಡಿಮೆಯಾಗುತ್ತದೆ. ಆದರೂ ಯಾವ ಮೈ ಹೆಚ್ಚು ತೊಂದರೆ ಕೊಡುತ್ತದೆಂಬ ಸರದಿ ಸ್ಪಷ್ಟ. ಸದ್ದಿನ ಗುಣಮಟ್ಟ ಪರೀಕ್ಷಿಸುವ ಕೋಣೆಗಳಿಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಶಿಫಾರಸಿನ ಪ್ರಕಾರ, ಮೊದಲ 15 ಮಿಲಿಸೆಕೆಂಡಿನೊಳಗೆ ಬರುವ ಪ್ರತಿಫಲನಗಳು 1000ದಿಂದ 8000 ಹರ್ಟ್ಸ್ ನಡುವೆ ನೇರ ಸದ್ದಿಗಿಂತ ಕನಿಷ್ಠ 10 ಡೆಸಿಬೆಲ್ ಕಡಿಮೆ ಇರಬೇಕು. ನಮ್ಮ ಪಕ್ಕದ ಗೋಡೆ 4.8 ತಾನೇ ಕಳೆದಿದೆ, ಉಳಿದ 5.2 ಡೆಸಿಬೆಲ್ ಕಳೆಯಲು ಅಲ್ಲಿ ಬಡಿಯುವ ಶಕ್ತಿಯ ನೂರರಲ್ಲಿ ಎಪ್ಪತ್ತು ಪಾಲನ್ನು ಹೀರುವ ವಸ್ತು ಬೇಕು. ಗೋಡೆ ತುಂಬ ಬೇಡ, ಆ ಜಾಗದಲ್ಲಿ ಸಾಕು.

ಬೇಸ್‌ಗೆ ಬೇರೆಯೇ ನಿಯಮ

1000 ಹರ್ಟ್ಸ್ ಸ್ವರದ ತರಂಗದೂರ (ಒಂದು ಅಲೆಯ ಉದ್ದ) 34 ಸೆಂ.ಮೀ. 100 ಹರ್ಟ್ಸ್‌ನದು 3.4 ಮೀಟರ್. 35 ಹರ್ಟ್ಸ್‌ನದು ಸುಮಾರು 10 ಮೀಟರ್, ಕೋಣೆಗಿಂತಲೇ ಉದ್ದ. ಮೇಲಿನ ಸ್ವರಗಳನ್ನು ಗೋಡೆಗೆ ಬಡಿದು ಪುಟಿಯುವ ಚೆಂಡೆಂದು ಭಾವಿಸಿ ಲೆಕ್ಕ ಹಾಕಬಹುದು. ಬೇಸ್ ಹಾಗಲ್ಲ, ಅದು ಬಕೆಟ್ಟಿನಲ್ಲಿ ತುಳುಕುವ ನೀರಿನಂತೆ ಇಡೀ ಕೋಣೆಯನ್ನೇ ತೂಗಿಸುತ್ತದೆ.

ಎದುರುಬದುರು ಗೋಡೆಗಳ ನಡುವಿನ ದೂರ ಅರ್ಧ ತರಂಗದೂರಕ್ಕೆ ಸರಿಹೊಂದಿದಾಗ ಆ ತುಳುಕಾಟ ತನ್ನಷ್ಟಕ್ಕೆ ನಿಂತು ಬೆಳೆಯುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಗೆ ತಳ್ಳಿದಂತೆ, ಸಣ್ಣ ತಳ್ಳಿಗೂ ದೊಡ್ಡ ತೂಗು. 343ನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಆ ಸ್ವರ ಸಿಗುತ್ತದೆ. ನಮ್ಮ ಕೋಣೆಯ ಉದ್ದಕ್ಕೆ 34, ಅಗಲಕ್ಕೆ 43, ಎತ್ತರಕ್ಕೆ 57 ಹರ್ಟ್ಸ್. ಅವುಗಳ ಎರಡರಷ್ಟು, ಮೂರರಷ್ಟರಲ್ಲೂ ಇದೇ ಆಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ ಘನಾಕಾರದ ಕೋಣೆ ಕೆಡುಕಿನದು: ಮೂರೂ ತುಳುಕಾಟಗಳು ಒಂದೇ ಸ್ವರದಲ್ಲಿ ಗುಡ್ಡೆಯಾಗುತ್ತವೆ. 6 ಮೀಟರ್ ಉದ್ದಕ್ಕೆ 3 ಮೀಟರ್ ಅಗಲದಂತಹ ಸರಿಯಾದ ಎರಡರಷ್ಟೂ ಒಳ್ಳೆಯದಲ್ಲ.

ಈ ತುಳುಕಾಟದಲ್ಲಿ ಗೋಡೆಯ ಬಳಿ ಒತ್ತಡ ಗರಿಷ್ಠ, ಮೊದಲ ಸ್ವರಕ್ಕಂತೂ ಕೋಣೆಯ ನಟ್ಟನಡುವೆ ಶೂನ್ಯ. ಗೋಡೆಗೆ ಒರಗಿ ಕುಳಿತವರಿಗೆ ಬೇಸ್ ಹೊಟ್ಟೆಬಾಕನಂತೆ ಉಬ್ಬಿ ಕೇಳುವುದಕ್ಕೂ, ನಟ್ಟನಡುವೆ ಕುಳಿತವರಿಗೆ ಪೇಲವವಾಗುವುದಕ್ಕೂ ಕಾರಣ ಇದೇ.

ಮೊದಲ ಮದ್ದು: ಜಾಗ ಬದಲಿಸುವುದು

ಸದ್ದು ಹೀರುವ ಒಂದೇ ಒಂದು ಪ್ಯಾನಲ್ ತರುವ ಮೊದಲು ಕುರ್ಚಿಯನ್ನೂ ಸ್ಪೀಕರನ್ನೂ ಸರಿಸಿ ನೋಡಬೇಕು. ಇಷ್ಟು ಲಾಭ ಕೊಡುವ ಬಿಟ್ಟಿ ಕೆಲಸ ಇನ್ನೊಂದಿಲ್ಲ.

ಕುರ್ಚಿಯನ್ನು ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ನೂರರಲ್ಲಿ 38ರಷ್ಟು ದೂರದಲ್ಲಿ ಇಟ್ಟು ಆರಂಭಿಸಿ. 5 ಮೀಟರಿಗೆ ಇದು 1.9 ಮೀಟರ್. ಇದು ಶಾಸನವಲ್ಲ, ಆರಂಭದ ಗುರುತು. ಅಲ್ಲಿಂದ ಹತ್ತು ಹತ್ತು ಸೆಂಟಿಮೀಟರ್ ಹಿಂದೆ ಮುಂದೆ ಸರಿದು, ಬೇಸ್ ಗಿಟಾರ್ ಏರಿಳಿಯುವ ಹಾಡೊಂದನ್ನು ಕೇಳಿ. ಎಲ್ಲ ಸ್ವರಗಳೂ ಹತ್ತಿರ ಹತ್ತಿರ ಒಂದೇ ಬಲದಲ್ಲಿ ಕೇಳುವ ಜಾಗದಲ್ಲಿ ನಿಲ್ಲಿ.

ಸ್ಪೀಕರ್ ಹಿಂದಿನ ಮುಂಗೋಡೆಯೂ ಆಟ ಆಡುತ್ತದೆ. ಬೇಸ್ ಹಿಂದಕ್ಕೂ ಹರಡುತ್ತದಾದ್ದರಿಂದ ಗೋಡೆಗೆ ಬಡಿದು ಮರಳಿದ ಅಲೆ, ಗೋಡೆಯ ದೂರ ಕಾಲು ತರಂಗದೂರವಾಗಿರುವ ಸ್ವರವನ್ನು ಅಳಿಸುತ್ತದೆ. 343ನ್ನು ಆ ದೂರದ ನಾಲ್ಕರಷ್ಟರಿಂದ ಭಾಗಿಸಿ: 60 ಸೆಂ.ಮೀ. ದೂರಕ್ಕೆ 143 ಹರ್ಟ್ಸ್, 1 ಮೀಟರಿಗೆ 86, 1.3 ಮೀಟರಿಗೆ 66. ಗೋಡೆಗೆ ಅಂಟಿಸಿದಂತೆ ಇಟ್ಟರೆ ಕುಳಿ ಮೇಲಿನ ಸ್ವರಕ್ಕೆ ಜಾರುತ್ತದೆ. ಅಲ್ಲಿ ತೆಳು ಪ್ಯಾನಲ್ಲೇ ಅದನ್ನು ಹಿಡಿಯಬಲ್ಲದು, ಆದರೆ ಒಟ್ಟು ಬೇಸ್ ಉಬ್ಬುತ್ತದೆ. ಗೋಡೆಯ ದೂರ, ಪಕ್ಕದ ಗೋಡೆಯ ದೂರ, ನೆಲದಿಂದ ಎತ್ತರ ಮೂರೂ ಒಂದೇ ಆಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೂರು ಕುಳಿಗಳೂ ಒಂದೇ ಸ್ವರದ ಮೇಲೆ ಬೀಳುತ್ತವೆ.

ಎಡಬಲ ಸಮವಾಗಿರಬೇಕೆಂಬುದು ಇನ್ನೊಂದು ಕಟ್ಟುನಿಟ್ಟು. ಒಂದು ಪಕ್ಕದಲ್ಲಿ ಗೋಡೆ, ಇನ್ನೊಂದು ಪಕ್ಕದಲ್ಲಿ ತೆರೆದ ಹಜಾರವಿದ್ದರೆ ಗಾಯಕರು ಗೋಡೆಯ ಕಡೆಗೆ ವಾಲುತ್ತಾರೆ.

ಹೀರಿಕೆ: ಬಟ್ಟೆಯ ಗುಣಕ್ಕಿಂತ ದಪ್ಪದ ಗುಣ

ರಾಕ್‌ವೂಲ್, ಗ್ಲಾಸ್‌ವೂಲ್ (ಕಲ್ಲಿನ, ಗಾಜಿನ ನಾರಿನ ಹಾಸುಗಳು), ತೆರೆದ ರಂಧ್ರದ ಫೋಮ್, ದಪ್ಪ ಪರದೆ ಎಲ್ಲವೂ ಸದ್ದನ್ನು ಹೀರುವ ಬಗೆ ಒಂದೇ. ಅಲೆ ಒಳನುಗ್ಗಿದಾಗ ಗಾಳಿಯ ಕಣಗಳು ನಾರುಗಳ ನಡುವೆ ಹಿಂದೆ ಮುಂದೆ ತಿಕ್ಕಾಡುತ್ತವೆ. ಆ ತಿಕ್ಕಾಟದಲ್ಲಿ ಚಲನೆ ಶಾಖವಾಗಿ ಕರಗುತ್ತದೆ. ಗಾಳಿ ಚಲಿಸದ ಕಡೆ ಹೀರಿಕೆಯೂ ಇಲ್ಲ.

ಹಗ್ಗದ ಒಂದು ತುದಿಯನ್ನು ಗೋಡೆಯ ಮೊಳೆಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಅಲ್ಲಾಡಿಸಿ. ಮೊಳೆಯ ಹತ್ತಿರ ಹಗ್ಗ ಅಲುಗುವುದೇ ಇಲ್ಲ, ದೂರ ಹೋದಂತೆ ಆಟ ಹೆಚ್ಚು. ಗಾಳಿಯದೂ ಇದೇ ಕಥೆ. ಗೋಡೆಗೆ ತಾಗಿದ ಗಾಳಿ ಚಲಿಸಲಾರದು. ಚಲನೆ ಗರಿಷ್ಠವಾಗುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. 1000 ಹರ್ಟ್ಸ್‌ಗೆ ಆ ಜಾಗ 8.6 ಸೆಂ.ಮೀ. ಆಚೆ, 100 ಹರ್ಟ್ಸ್‌ಗೆ 86 ಸೆಂ.ಮೀ. ಆಚೆ. ಗೋಡೆಗೆ ಅಂಟಿಸಿದ ಒಂದಿಂಚಿನ ಫೋಮ್ 100 ಹರ್ಟ್ಸ್ ಅಲೆಗೆ ಇದ್ದೂ ಇಲ್ಲದಂತೆ. ಅದು ಮೇಲಿನ ಸ್ವರಗಳನ್ನಷ್ಟೇ ತಿನ್ನುತ್ತದೆ. ಗೋಡೆ ತುಂಬ ಅದನ್ನೇ ಅಂಟಿಸಿದ ಕೋಣೆಯಲ್ಲಿ ತಾಳ, ತಂತಿಯ ಹೊಳಪು ಸತ್ತು, ಬೇಸ್ ಮಾತ್ರ ಮೊದಲಿನಂತೆಯೇ ಗುಂಯ್‌ಗುಡುತ್ತ ಉಳಿಯುತ್ತದೆ. ಮನೆಯ ಕೋಣೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

ಮೊಟ್ಟೆಯ ಟ್ರೇ ಅಂಟಿಸುವುದಂತೂ ಬೇಡವೇ ಬೇಡ. ತೆಳು ಕಾಗದದಲ್ಲಿ ಹೀರುವಷ್ಟು ನಾರಿಲ್ಲ, ದಪ್ಪವಿಲ್ಲ. ಬೆಂಕಿಗೆ ಬೇಗ ಸಿಗುವ ವಸ್ತುವೂ ಹೌದು. ಪೆಟ್ಟಿಗೆಗಳಲ್ಲಿ ಬರುವ ಪ್ಯಾಕಿಂಗ್ ಫೋಮಿಗೂ ಇದೇ ಮಾತು: ಅದರ ರಂಧ್ರಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳಹೋಗದು, ಹೊತ್ತಿಕೊಂಡರೆ ವಿಷದ ಹೊಗೆ.

ಕೈಯಳತೆಗೆ ಹೀಗೆ ನೆನಪಿಡಬಹುದು. 5 ಸೆಂ.ಮೀ. ರಾಕ್‌ವೂಲ್ ಹಲಗೆಯನ್ನು ಗೋಡೆಗೆ ತಾಗಿಸಿದರೆ ಸುಮಾರು 500 ಹರ್ಟ್ಸ್‌ನಿಂದ ಮೇಲಕ್ಕೆ ಚೆನ್ನಾಗಿ ಹೀರುತ್ತದೆ. 10 ಸೆಂ.ಮೀ. ಆದರೆ ಸುಮಾರು 250ರಿಂದ. ಅದೇ 10 ಸೆಂ.ಮೀ. ಹಲಗೆಯನ್ನು ಗೋಡೆಯಿಂದ ಇನ್ನೊಂದು 10 ಸೆಂ.ಮೀ. ದೂರ ನಿಲ್ಲಿಸಿದರೆ ಪಟ್ಟು 150ರ ಆಸುಪಾಸಿಗೆ ಇಳಿಯುತ್ತದೆ. ಹಿಂದಿನ ಖಾಲಿ ಜಾಗಕ್ಕೆ ದುಡ್ಡು ಬೇಕಿಲ್ಲ. ಹಲಗೆಯನ್ನು ಗಾಳಿ ಚಲಿಸುವ ಕಡೆಗೆ ತಂದು ನಿಲ್ಲಿಸುವುದೇ ಅದರ ಕೆಲಸ.

ಇಲ್ಲೊಂದು ಮಾತು ಹೇಳಲೇಬೇಕು. ಇವು ಯಾವುವೂ ಸದ್ದು ಪಕ್ಕದ ಮನೆಗೆ ಹೋಗುವುದನ್ನು ತಡೆಯುವುದಿಲ್ಲ. ಸದ್ದು ದಾಟದಂತೆ ತಡೆಯಲು ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಹೀರುವ ಹಲಗೆ ಹಗುರ, ಗಾಳಿಯಾಡುವಂಥದ್ದು. ಕೋಣೆಯೊಳಗಿನ ಸದ್ದನ್ನು ತಿದ್ದುವುದಷ್ಟೇ ಅದರ ಪಾಲು.

ಕನ್ನಡಿ ಹಿಡಿದು ಜಾಗ ಹುಡುಕುವುದು

ಸದ್ದು ಗೋಡೆಗೆ ಬಡಿದ ಕೋನದಲ್ಲೇ ಮರಳುತ್ತದೆ, ಬೆಳಕಿನಂತೆಯೇ. ಹಾಗಾಗಿ ಕನ್ನಡಿ ಸಾಕು. ನೀವು ಕುಳಿತುಕೊಳ್ಳುವ ಜಾಗದಲ್ಲೇ ಕುಳಿತುಕೊಳ್ಳಿ. ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿಯನ್ನು ಚಪ್ಪಟೆಯಾಗಿ ಒತ್ತಿಕೊಂಡು, ನಿಮ್ಮ ಕಿವಿಯ ಎತ್ತರದಲ್ಲಿ ನಿಧಾನವಾಗಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್‌ನ ಟ್ವೀಟರ್ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಒಂದೇ ಗೋಡೆಯಲ್ಲಿ ಎರಡು ಗುರುತು ಬರುತ್ತವೆ: ಹತ್ತಿರದ ಸ್ಪೀಕರಿನದೊಂದು, ದೂರದ ಸ್ಪೀಕರಿನದೊಂದು. ನಮ್ಮ ಕೋಣೆಯಲ್ಲಿ ಹತ್ತಿರದ ಗುರುತು ಸ್ಪೀಕರ್ ಸಾಲಿನಿಂದ ನಿಮ್ಮ ಕಡೆಗೆ 58 ಸೆಂ.ಮೀ. ದೂರದಲ್ಲಿ ಬೀಳುತ್ತದೆ.

ಗುರುತು ಪ್ಯಾನಲ್ಲಿನ ಮಧ್ಯಕ್ಕೆ ಬರುವಂತೆ ನೇತುಹಾಕಿ. ಚಿತ್ರಪಟದಂತೆ ಕಣ್ಣಿಗೆ ಚಂದವೆಂದು ಎತ್ತರದಲ್ಲಿ ತೂಗಿಸಿದರೆ ಕೆಲಸ ಕೆಟ್ಟಿತು. 120 ಸೆಂ.ಮೀ. ಪ್ಯಾನಲ್ಲಿನ ತಳ ನೆಲದಿಂದ ಅರ್ಧ ಮೀಟರ್ ಮೇಲಿದ್ದರೆ 1.1 ಮೀಟರಿನ ಕಿವಿ ಅದರ ನಡುವಿಗೆ ಬರುತ್ತದೆ. ಚಾವಣಿಯಲ್ಲಿಯೂ ಹೀಗೇ ಗುರುತು ಹುಡುಕಿ. ನೆಲಕ್ಕೆ ದಪ್ಪ ಜಮಖಾನ ಹಾಸಿದರೆ ಮೇಲಿನ ಸ್ವರಗಳ ಮಟ್ಟಿಗೆ ಸಾಕು.

ಪಕ್ಕದ ಗೋಡೆಯ ವಿಷಯದಲ್ಲಿ ಬಲ್ಲವರಲ್ಲೇ ಎರಡು ಮತವಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ದೀರ್ಘಕಾಲ ಕೇಳುಗರ ಪರೀಕ್ಷೆಗಳನ್ನು ನಡೆಸಿದ ಫ್ಲಾಯ್ಡ್ ಟೂಲ್ ಅವರ ವಾದವೆಂದರೆ, ಪಕ್ಕಕ್ಕೂ ಸಮವಾದ ದನಿ ಬಿಡುವ ಒಳ್ಳೆಯ ಸ್ಪೀಕರ್ ಆಗಿದ್ದರೆ ಆ ಪ್ರತಿಫಲನ ಸಂಗೀತಕ್ಕೆ ಹರವು ಕೊಡುತ್ತದೆ, ಬಹಳ ಕೇಳುಗರಿಗೆ ಅದು ಹಿತವೇ. ಧ್ವನಿಮುದ್ರಣ ಮಿಶ್ರಣ ಮಾಡುವವರು ಮಾತ್ರ ಅದನ್ನು ಹೀರಿಸಿ, ಚುಕ್ಕಿಯಷ್ಟು ನಿಖರ ಚಿತ್ರ ಬಯಸುತ್ತಾರೆ. ಹಾಗಾಗಿ ಪಕ್ಕದ ಪ್ಯಾನಲ್‌ಗಳನ್ನು ಮೊಳೆ ಹೊಡೆಯುವ ಮೊದಲು ವಾರವೊಂದು ಗೋಡೆಗೆ ಒರಗಿಸಿಟ್ಟು, ತೆಗೆದು, ಮತ್ತೆ ಇಟ್ಟು ಕೇಳುವುದು ಸರಿಯಾದ ದಾರಿ. ಎರಡೂ ಕಡೆ ಒಟ್ಟಿಗೆ ಇಡಿ, ಒಟ್ಟಿಗೆ ತೆಗೆಯಿರಿ. ಚಾವಣಿ, ಬೆನ್ನ ಹಿಂದಿನ ಹತ್ತಿರದ ಗೋಡೆಗಳ ಬಗ್ಗೆ ಇಷ್ಟು ಭಿನ್ನಮತವಿಲ್ಲ.

ಪ್ಯಾನಲ್ ಕಟ್ಟುವ ಕ್ರಮ

ಒಂದು ಪ್ಯಾನಲ್ಲಿಗೆ ಬೇಕಾದದ್ದು: 120 × 60 ಸೆಂ.ಮೀ. ಅಳತೆಯ 5 ಸೆಂ.ಮೀ. ದಪ್ಪದ ರಾಕ್‌ವೂಲ್ ಹಲಗೆ ಎರಡು, ಸಾಂದ್ರತೆ ಘನಮೀಟರಿಗೆ 40ರಿಂದ 60 ಕಿಲೋ. 12 ಸೆಂ.ಮೀ. ಅಗಲ, ಸುಮಾರು 2 ಸೆಂ.ಮೀ. ದಪ್ಪದ ಮರದ ಪಟ್ಟಿ ಒಟ್ಟು 3.7 ಮೀಟರ್. ಹಿಂಬದಿಗೆ ತೆಳುವಾದ, ನೇಯದ ಬಟ್ಟೆ. ಮುಂಬದಿಗೆ ಸುಮಾರು 160 × 100 ಸೆಂ.ಮೀ. ಬಟ್ಟೆ. ಮರದ ಸ್ಕ್ರೂ, ಅಂಟು, ಸ್ಟೇಪಲ್ ಗನ್.

ಬಟ್ಟೆಯ ಆಯ್ಕೆಗೆ ಒಂದೇ ಪರೀಕ್ಷೆ: ಬಾಯಿಗೆ ಹಿಡಿದು ಊದಿ. ಉಸಿರು ಸರಾಗವಾಗಿ ಆಚೆ ಹೋದರೆ ಸದ್ದೂ ಒಳಹೋಗುತ್ತದೆ. ರೆಕ್ಸಿನ್, ರಬ್ಬರ್ ಲೇಪದ ಬಟ್ಟೆ, ಬಣ್ಣ ಬಳಿದ ಕ್ಯಾನ್ವಾಸ್ ಹೊದಿಸಿದರೆ ಮೇಲಿನ ಸ್ವರಗಳು ಬಟ್ಟೆಯಿಂದಲೇ ಪುಟಿದು ಮರಳುತ್ತವೆ.

ಚೌಕಟ್ಟಿನ ಒಳ ಅಳತೆ ಹಲಗೆಯಷ್ಟೇ ಇರಲಿ, ಅಥವಾ ಎರಡು ಮೂರು ಮಿಲಿಮೀಟರ್ ಕಡಿಮೆ ಇರಲಿ; ಆಗ ಹಲಗೆ ಬಿಗಿಯಾಗಿ ಕೂರುತ್ತದೆ. ಮೂಲೆಗಳಿಗೆ ಅಂಟು ಹಚ್ಚಿ ಎರಡೆರಡು ಸ್ಕ್ರೂ ಹಾಕಿ. ಹಿಂಬದಿಗೆ ನೇಯದ ಬಟ್ಟೆ ಸ್ಟೇಪಲ್ ಮಾಡಿ, ಹಲಗೆಗಳನ್ನು ಕೂರಿಸಿ. ಮುಂಬಟ್ಟೆಯನ್ನು ಮೊದಲು ಉದ್ದದ ಬದಿಗಳ ಮಧ್ಯದಲ್ಲಿ, ಆಮೇಲೆ ಮೂಲೆಗಳತ್ತ ಎಳೆಯುತ್ತ 5 ಸೆಂ.ಮೀ.ಗೊಂದು ಸ್ಟೇಪಲ್ ಹೊಡೆಯಿರಿ. ಮೂಲೆಯಿಂದ ಶುರು ಮಾಡಿದರೆ ನಡುವೆ ಸುಕ್ಕು ಉಳಿಯುತ್ತದೆ. ರಾಕ್‌ವೂಲ್ ಕತ್ತರಿಸುವಾಗ ಕೈಗವಸು, ಮೂಗುಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು; ನಾರು ಚರ್ಮಕ್ಕೆ ಚುಚ್ಚಿ ತುರಿಸುತ್ತದೆ. ಮನೆಯೊಳಗೆ ಕತ್ತರಿಸಬೇಡಿ.

ತಯಾರಾದದ್ದು ಎಂಟು ಕಿಲೋ ಆಸುಪಾಸು ತೂಗುತ್ತದೆ. ಗೋಡೆಗೆ ಪ್ಲಗ್ ಇಟ್ಟು ಸ್ಕ್ರೂ ಹಾಕಿಯೇ ನೇತುಹಾಕಬೇಕು, ಚಾವಣಿಗಾದರೆ ನಾಲ್ಕು ಕಡೆ ಕೊಕ್ಕೆ ಮತ್ತು ಸರಪಳಿ. ಹಿಂದೆ ಮರದ ತುಂಡುಗಳನ್ನಿಟ್ಟು 5ರಿಂದ 10 ಸೆಂ.ಮೀ. ಖಾಲಿ ಬಿಡಿ. ಗೋಡೆಯಲ್ಲಿ ಪಸೆಯಿದ್ದರೆ ಈ ಸಂದಿ ಗಾಳಿಯಾಡಿಸಿ ಬೂಷ್ಟು ಹಿಡಿಯದಂತೆಯೂ ಕಾಯುತ್ತದೆ.

ಮೂಲೆಗಳು

ಕೋಣೆಯ ಎಲ್ಲ ತುಳುಕಾಟಗಳೂ ಒತ್ತಡದ ತುದಿಯನ್ನು ಮುಟ್ಟುವುದು ಮೂಲೆಗಳಲ್ಲಿ. ಬೇಸ್ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸುಲಭದ ಬಗೆಯೆಂದರೆ 60 ಸೆಂ.ಮೀ. ಅಗಲದ, 10ರಿಂದ 15 ಸೆಂ.ಮೀ. ದಪ್ಪದ ಪ್ಯಾನಲನ್ನು ಮೂಲೆಗೆ ಅಡ್ಡವಾಗಿ ನಿಲ್ಲಿಸುವುದು. ಹಿಂದೆ ಮಧ್ಯದಲ್ಲಿ 30 ಸೆಂ.ಮೀ. ಆಳದ ಖಾಲಿ ಜಾಗ ತಾನಾಗಿ ಸಿಗುತ್ತದೆ. ಇನ್ನೂ ಬಲವಾದದ್ದು ಮೂಲೆಯನ್ನು ನೆಲದಿಂದ ಚಾವಣಿಯವರೆಗೆ ತುಂಬುವುದು. 120 × 60ರ ಹಲಗೆಯನ್ನು ಎರಡು ಚೌಕವಾಗಿ, ಪ್ರತಿ ಚೌಕವನ್ನು ಕರ್ಣದುದ್ದಕ್ಕೆ ಕತ್ತರಿಸಿದರೆ ನಾಲ್ಕು ತ್ರಿಕೋನಗಳು. 3 ಮೀಟರ್ ಎತ್ತರಕ್ಕೆ 5 ಸೆಂ.ಮೀ. ದಪ್ಪದ 60 ತ್ರಿಕೋನ, ಅಂದರೆ 15 ಹಲಗೆ. ಇಷ್ಟು ದಪ್ಪ ತುಂಬುವಾಗ ಹೆಚ್ಚು ಸಾಂದ್ರತೆ ಬೇಡ, ಘನಮೀಟರಿಗೆ 30ರಿಂದ 40 ಕಿಲೋ ಸಾಕು. ತೀರ ಒತ್ತಾದ ಹಲಗೆಯೊಳಕ್ಕೆ ಉದ್ದನೆಯ ಅಲೆ ಇಳಿಯಲಾರದೆ ಮೇಲ್ಮೈಯಿಂದಲೇ ತಿರುಗುತ್ತದೆ.

ಮೂಲೆಗಳನ್ನೆಲ್ಲ ತುಂಬಿದರೆ ಮೇಲಿನ ಸ್ವರಗಳೂ ಹೆಚ್ಚು ಹೀರಿಹೋಗುವ ಭಯವಿರುತ್ತದೆ. ಅದಕ್ಕೆ ಹಲಗೆಯ ಮುಂದೆ, ಬಟ್ಟೆಯೊಳಗೆ ಒಂದು ಪದರ ಕಂದು ಪ್ಯಾಕಿಂಗ್ ಕಾಗದ ಹೊದಿಸುತ್ತಾರೆ. ಬೇಸ್ ಕಾಗದವನ್ನು ತಳ್ಳಿಕೊಂಡು ಒಳಹೋಗುತ್ತದೆ, ಮೇಲಿನ ಸ್ವರ ಪುಟಿದು ಕೋಣೆಗೆ ಮರಳುತ್ತದೆ.

ಎಷ್ಟು ಹಾಕಿದರೆ ಸಾಕು

ಈ ಪ್ರಶ್ನೆಗೆ ಲೆಕ್ಕ ಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸೇಬಿನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಗುಂಯ್‌ಗುಟ್ಟಿ, ಉಪನ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಿಂದ ಅವರು ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯುವ ಹೊತ್ತನ್ನು ಅಳೆದರು. ಬೆಳಗಾಗುವುದರೊಳಗೆ ದಿಂಬುಗಳು ಹಿಂತಿರುಗಬೇಕಿತ್ತು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ನಿಂತಿದೆ.

ಸೂತ್ರ ಸರಳ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ. ಒಟ್ಟು ಹೀರಿಕೆ ಅಂದರೆ ಪ್ರತಿ ಮೈಯ ಚದರ ಮೀಟರನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿಸಿದ್ದು. ಪೂರ್ತಿ ತೆರೆದ ಕಿಟಕಿಯ ಪಾಲು 1, ಹೋದ ಸದ್ದು ಮರಳುವುದೇ ಇಲ್ಲ.

ನಮ್ಮ ಕೋಣೆ 60 ಘನಮೀಟರ್, ಮೈಗಳೆಲ್ಲ ಸೇರಿ 94 ಚದರ ಮೀಟರ್. ಗಾರೆ, ನುಣುಪು ನೆಲ ನೂರರಲ್ಲಿ ಮೂರು ಪಾಲು ಹೀರುತ್ತವೆಂದರೆ ಒಟ್ಟು 2.8, ಅನುರಣನ 3.4 ಸೆಕೆಂಡ್, ಬರಿದಾದ ಕೋಣೆ ಗುಹೆಯಂತೆ ಕೇಳುವುದು ಇದಕ್ಕೇ. ನಡು ಸ್ವರಗಳಿಗೆ ಸೋಫಾದಿಂದ 2, ಜಮಖಾನದಿಂದ 2, ನೆರಿಗೆಯಿರುವ ದಪ್ಪ ಪರದೆಯಿಂದ 3, ತುಂಬಿದ ಪುಸ್ತಕದ ಕಪಾಟಿನಿಂದ 1.5, ಕುಳಿತ ಇಬ್ಬರಿಂದ 1 ಎಂದು ಅಂದಾಜು ಕೂಡಿಸಿದರೆ 12.3, ಕಾಲ 0.79 ಸೆಕೆಂಡಿಗೆ ಇಳಿಯಿತು. ಮೇಲೆ ಹೇಳಿದ ಪ್ಯಾನಲ್‌ಗಳು 8 ಚದರ ಮೀಟರ್, ಅಂದರೆ ಹನ್ನೊಂದು, ಸೇರಿಸಿದರೆ 20.3, ಕಾಲ 0.48. ಸಂಗೀತ ಕೇಳುವ ಮನೆ ಕೋಣೆಗೆ 0.3ರಿಂದ 0.5 ಸೆಕೆಂಡ್ ಹಿತವಾದ ವ್ಯಾಪ್ತಿ. ಸಣ್ಣ ಕೋಣೆಯಲ್ಲಿ, ಅದರಲ್ಲೂ ಬೇಸ್‌ಗೆ, ಈ ಸೂತ್ರ ನಿಖರವಾಗಿ ಒಪ್ಪುವುದಿಲ್ಲ. ಎಷ್ಟು ಸಾಮಾನು ತರಿಸಬೇಕೆಂಬ ಅಂದಾಜಿಗೆ ಮಾತ್ರ ಬಳಸಿ. ಲೆಕ್ಕದಲ್ಲಿ ಸೋಫಾ, ಪರದೆ, ಪುಸ್ತಕಗಳ ಪಾಲು ಎಷ್ಟು ದೊಡ್ಡದೆಂಬುದನ್ನೂ ಗಮನಿಸಿ.

ಹೀರದೆ ಚದುರಿಸುವುದು

ಎಲ್ಲವನ್ನೂ ಹೀರಿದರೆ ಕೋಣೆ ಉಸಿರುಗಟ್ಟಿಸುತ್ತದೆ. ಸದ್ದನ್ನು ಕೊಲ್ಲದೆ, ಒಂದೇ ಏಟಾಗಿ ಮರಳುವುದನ್ನು ಹತ್ತಾರು ದಿಕ್ಕಿಗೆ, ಸ್ವಲ್ಪ ಹಿಂದೆಮುಂದಾಗಿ ಹಂಚುವುದು ಡಿಫ್ಯೂಸರ್ ಎಂಬ ಏರುಪೇರಿನ ಹಲಗೆ. ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1970ರ ದಶಕದಲ್ಲಿ ಅದಕ್ಕೆ ಅಂಕಗಣಿತದಿಂದ ಅಳತೆ ಕಟ್ಟಿದರು. 0ಯಿಂದ 6ರವರೆಗಿನ ಸಂಖ್ಯೆಗಳ ವರ್ಗ ಮಾಡಿ 7ರಿಂದ ಭಾಗಿಸಿ ಶೇಷ ಬರೆಯಿರಿ: 0, 1, 4, 2, 2, 4, 1. ಇದೇ ಹಲಗೆಯ ಏಳು ತೋಡುಗಳ ಆಳದ ಅನುಪಾತ. 1000 ಹರ್ಟ್ಸ್‌ನಿಂದ ಮೇಲಕ್ಕೆ ಚದುರಬೇಕಾದರೆ 1 ಎಂಬ ಸಂಖ್ಯೆಗೆ ಆಳ 2.45 ಸೆಂ.ಮೀ.; ಅತಿ ಆಳದ್ದು 9.8 ಸೆಂ.ಮೀ. ಪ್ರತಿ ತೋಡು 5 ಸೆಂ.ಮೀ. ಅಗಲವಿದ್ದರೆ ಸುಮಾರು 3400 ಹರ್ಟ್ಸ್‌ವರೆಗೆ ಲೆಕ್ಕದಂತೆ ನಡೆಯುತ್ತದೆ. ತೋಡುಗಳ ನಡುವೆ ತೆಳು ಅಡ್ಡಗೋಡೆ ತಪ್ಪಿಸಬೇಡಿ.

ಇದನ್ನು ಬೆನ್ನ ಹಿಂದಿನ ಗೋಡೆಗೆ, ಕಿವಿಯಿಂದ ಕನಿಷ್ಠ ಒಂದು ಮೀಟರ್, ಸಾಧ್ಯವಾದರೆ ಇನ್ನೂ ದೂರ ಹಾಕಬೇಕು. ಹತ್ತಿರ ಕುಳಿತರೆ ಬೇರೆ ಬೇರೆ ತೋಡುಗಳ ಸದ್ದು ಬೆರೆಯುವ ಮೊದಲೇ ಕಿವಿ ಸೇರಿ ಚಿತ್ರ ಕಲಕುತ್ತದೆ. ಹಿಂದೆ ಅಷ್ಟು ಜಾಗವಿಲ್ಲದ ಕೋಣೆಗೆ ಡಿಫ್ಯೂಸರ್ ಬೇಡ, ದಪ್ಪ ಹೀರುಹಲಗೆಯೇ ಸರಿ. ಬೇರೆ ಬೇರೆ ಅಗಲದ ಪುಸ್ತಕಗಳನ್ನು ಏರುಪೇರಾಗಿ ಜೋಡಿಸಿದ ಕಪಾಟು ಲೆಕ್ಕದ ಡಿಫ್ಯೂಸರ್ ಅಲ್ಲದಿದ್ದರೂ ಬರಿ ಗೋಡೆಗಿಂತ ಎಷ್ಟೋ ವಾಸಿ.

ಅಳೆದು ನೋಡುವುದು

ಮೊದಲ ಪರೀಕ್ಷೆ ಚಪ್ಪಾಳೆ. ಕೋಣೆಯ ಬೇರೆ ಬೇರೆ ಕಡೆ ನಿಂತು ಒಮ್ಮೆ ಗಟ್ಟಿಯಾಗಿ ತಟ್ಟಿ. ಝಿರ್ರ್ ಎಂದು ಲೋಹದ ತಂತಿ ಮೀಟಿದಂಥ ಬಾಲ ಕೇಳಿಸಿದರೆ, ಸದ್ದು ಎರಡು ಬರಿ ಗೋಡೆಗಳ ನಡುವೆ ಚೆಂಡಾಟವಾಡುತ್ತಿದೆ. ಆ ಎರಡರಲ್ಲಿ ಒಂದಕ್ಕೆ ಪ್ಯಾನಲ್ಲೋ ಕಪಾಟೋ ಬಂದರೆ ಸಾಕು, ನಿಲ್ಲುತ್ತದೆ.

ಮುಂದಿನದಕ್ಕೆ ಅಳತೆಗೆಂದೇ ತಿದ್ದಿದ ಯುಎಸ್‌ಬಿ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಬೇಕು. ಮೈಕನ್ನು ಕಿವಿಯ ಜಾಗದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿ, ಒಮ್ಮೆಗೆ ಒಂದೇ ಸ್ಪೀಕರಿನಿಂದ 20ರಿಂದ 20,000 ಹರ್ಟ್ಸ್‌ವರೆಗಿನ ಏರುದನಿ ಹಾಯಿಸಿ. ಬೇಸ್ ಯಾವ ಸ್ವರದಲ್ಲಿ ಉಬ್ಬಿದೆ, ಎಷ್ಟು ಹೊತ್ತು ಎಳೆಯುತ್ತಿದೆ ಎಂಬುದು ಒಂದು ನಕ್ಷೆಯಲ್ಲಿ. ನೇರ ಸದ್ದಿನ ನಂತರ ಯಾವ ಮಿಲಿಸೆಕೆಂಡಿಗೆ ಎಷ್ಟು ಬಲದ ಪ್ರತಿಫಲನ ಬಂತೆಂಬುದು ಇನ್ನೊಂದರಲ್ಲಿ ಕಾಣುತ್ತದೆ.

ಆ ಎರಡನೆಯ ನಕ್ಷೆಯಲ್ಲಿ 4.3 ಮಿಲಿಸೆಕೆಂಡಿಗೆ ಮೊನೆಯೊಂದು ಎದ್ದಿದೆ, ಯಾವ ಮೈಯಿಂದ ಬಂತೆಂದು ತಿಳಿಯುತ್ತಿಲ್ಲ ಎನ್ನಿ. ದಾರದಿಂದ ಹಿಡಿಯಬಹುದು. 4.3ನ್ನು 34 ಸೆಂ.ಮೀ.ನಿಂದ ಗುಣಿಸಿದರೆ ಹೆಚ್ಚು ನಡೆದ ದೂರ, 1.46 ಮೀಟರ್. ಅದಕ್ಕೆ ಸ್ಪೀಕರಿನಿಂದ ಮೈಕ್‌ವರೆಗಿನ 2 ಮೀಟರ್ ಸೇರಿಸಿ, 3.46 ಮೀಟರ್ ಉದ್ದದ ಹಿಗ್ಗದ ದಾರ ತೆಗೆದುಕೊಳ್ಳಿ. ಒಂದು ತುದಿ ಟ್ವೀಟರ್ ಬಳಿ, ಇನ್ನೊಂದು ಮೈಕ್ ಬಳಿ ಟೇಪಿನಿಂದ ಅಂಟಿಸಿ. ದಾರವನ್ನು ಬೆರಳಿನಿಂದ ಬಿಗಿಯಾಗಿ ಎಳೆದು ಎಲ್ಲ ದಿಕ್ಕಿಗೂ ತಿರುಗಿಸಿ. ಎಳೆದ ದಾರದ ಮೊನೆ ಯಾವ ಮೈಯನ್ನು ಸರಿಯಾಗಿ ಮುಟ್ಟುತ್ತದೋ ಅದೇ ಅಪರಾಧಿ. ಎಷ್ಟೋ ಸಲ ಅದು ಗೋಡೆಯಾಗಿರುವುದಿಲ್ಲ. ಎದುರಿನ ಗಾಜಿನ ಟೀಪಾಯಿಯೋ ಟಿವಿಯ ಕಪಾಟಿನ ಬಾಗಿಲೋ ಆಗಿರುತ್ತದೆ, ಸರಿಸಿದರೆ ಮುಗಿಯಿತು.

ಬೇರೆ ಬೇರೆ ಸ್ವರಗಳ ಬಲವನ್ನು ಏರಿಸಿ ಇಳಿಸುವ ಈಕ್ವಲೈಸರಿಗೆ ಕೈಹಾಕುವುದು ಇದೆಲ್ಲ ಮುಗಿದ ಮೇಲೆ. ಬೇಸ್‌ನ ಉಬ್ಬನ್ನು ಅದರಿಂದ ತಗ್ಗಿಸಬಹುದು. ಕುಳಿಯನ್ನು ತುಂಬಲಾಗದು: ಅಲ್ಲಿ ಎರಡು ಅಲೆಗಳು ಪರಸ್ಪರ ಅಳಿಸಿಕೊಳ್ಳುತ್ತಿವೆ, ಒಂದನ್ನು ಏರಿಸಿದರೆ ಅದರ ಪ್ರತಿಫಲನವೂ ಅಷ್ಟೇ ಏರುತ್ತದೆ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಹತ್ತರಷ್ಟು ಶಕ್ತಿ ಸುರಿಯುತ್ತದೆ, ಸ್ಪೀಕರ್ ಕೋನ್ ನರಳುತ್ತದೆ, ಕುಳಿ ಅಲ್ಲೇ ಇರುತ್ತದೆ. ಕುರ್ಚಿಯನ್ನು 20 ಸೆಂ.ಮೀ. ಸರಿಸಿ ಮತ್ತೊಮ್ಮೆ ಅಳೆಯಿರಿ.